ಮ್ಯಾಂಡೊಲಿನ್‌ಗೆ ಮರ ಹುಡುಕುತ್ತಿರುವ ಹುಡುಗನಿಗೆ

ಮಗಾ, ಮ್ಯಾಂಡೊಲಿನ್ ಮಾಡೋಕೆ ಯಾವ ಮರ ಒಳ್ಳೆಯದು ತಾತ ಅಂತ ಕೇಳಿದ್ದೀಯ. ಒಂದು ಮರದ ಹೆಸರು ಹೇಳಿ ಕಳಿಸಿಬಿಡಬಹುದಿತ್ತು. ಆದರೆ ನೀನು ಆ ಹೆಸರು ಹಿಡಿದುಕೊಂಡು ತುಮಕೂರಿನ ಟಿಂಬರ್ ಡಿಪೋಗೆ ಹೋಗುತ್ತೀಯ. ಅವರು ಅದೇ ಹೆಸರಿನ ಯಾವುದೋ ಹಲಗೆ ಎಳೆದು ಕೊಡುತ್ತಾರೆ. ನೀನು ಕಷ್ಟಪಟ್ಟು ಕೊಯ್ದು, ಉಜ್ಜಿ, ಅಂಟಿಸಿ ತಂತಿ ಕಟ್ಟುತ್ತೀಯ. ಮುಂದಿನ ಬೇಸಿಗೆಗೆ ಅದು ನಡುವೆ ಬಿರಿಯುತ್ತದೆ. ಆಗ ಮರವನ್ನು ಬೈಯುತ್ತೀಯ. ತಪ್ಪು ಮರದ್ದಲ್ಲ, ಹೆಸರು ನೋಡಿ ಹಲಗೆ ಕೊಂಡದ್ದರದು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಹಲಸೋ ತೇಗವೋ ಬೀಟೆಯೋ ಅನ್ನುವುದು ಅರ್ಧ ವಿಷಯ. ನಿನ್ನ ಕೈಗೆ ಬಂದ ಈ ಒಂದು ಹಲಗೆ ಹೇಗಿದೆ, ಅದಕ್ಕೆ ಯಾವ ಕೆಲಸ ಕೊಡಬೇಕು ಅನ್ನುವುದು ಉಳಿದರ್ಧ. ಜನ ಸೋಲುವುದು ಈ ಉಳಿದರ್ಧದಲ್ಲಿ.

ಮೊದಲು ಕೆಲಸ ಏನು ನೋಡು. ಮ್ಯಾಂಡೊಲಿನ್ ಸಣ್ಣ ವಾದ್ಯ. ತಂತಿ ಹೊರುವ ಕುದುರೆಯಿಂದ ದಂಡಿಯ ತುದಿಯ ನಟ್‌ವರೆಗೆ ತಂತಿ ಓಡುವ ದೂರ ಹೆಚ್ಚೂಕಡಿಮೆ 35 ಸೆಂಟಿಮೀಟರ್. ಅಷ್ಟರಲ್ಲಿ ಜೋಡಿಜೋಡಿಯಾಗಿ ಎಂಟು ಉಕ್ಕಿನ ತಂತಿ. ಶ್ರುತಿಗೆ ಏರಿಸಿದಾಗ ಎಂಟೂ ಸೇರಿ ಎಳೆಯುವ ಭಾರ 70ರಿಂದ 80 ಕಿಲೋ, ಅಂದರೆ ಒಂದು ದೊಡ್ಡ ಅಕ್ಕಿ ಮೂಟೆಯಷ್ಟು. ನೀನು ನುಡಿಸಿದರೂ ಅಷ್ಟೇ, ಗೋಡೆಗೆ ನೇತುಹಾಕಿದರೂ ಅಷ್ಟೇ, ಹಗಲೂ ರಾತ್ರಿ ಅದು ಎಳೆಯುತ್ತಲೇ ಇರುತ್ತದೆ. ಆ ಭಾರದ ಒಂದು ಪಾಲನ್ನು ಕುದುರೆ ತನ್ನ ಕಾಲ ಕೆಳಗಿನ ಮೇಲ್ಹಲಗೆಯ ಮೇಲೆ ಒತ್ತುತ್ತದೆ. ಮೇಲ್ಹಲಗೆಯ ದಪ್ಪ ಮೂರು, ಹೆಚ್ಚೆಂದರೆ ಐದು ಮಿಲಿಮೀಟರ್. ಭಾರಕ್ಕೆ ಕುಸಿಯಬಾರದು, ಆದರೆ ತಂತಿಯ ಸಣ್ಣ ನಡುಕಕ್ಕೂ ಅಲುಗಬೇಕು. ಗಟ್ಟಿಯೂ ಇರಬೇಕು, ಹಗುರವೂ ಇರಬೇಕು. ಬೇರೆ ಯಾವ ಭಾಗಕ್ಕೂ ಇಂಥ ಪರೀಕ್ಷೆ ಇಲ್ಲ. ಬೆನ್ನು, ಪಕ್ಕೆ ನಾದವನ್ನು ತುಂಬಿಕೊಂಡು ವಾಪಸು ಕೊಡಬೇಕು. ದಂಡಿ ಬಾಗಬಾರದು, ತಿರುಚಬಾರದು. ಫ್ರೆಟ್ ಕೂರುವ ಪಟ್ಟಿ ಸವೆಯಬಾರದು. ನಾಲ್ಕು ಕೆಲಸಕ್ಕೆ ನಾಲ್ಕು ಸ್ವಭಾವದ ಮರ ಬೇಕು. ನಿನ್ನ ದುಡ್ಡಿನಲ್ಲಿ ಹೆಚ್ಚು ಪಾಲು, ನಿನ್ನ ಗಮನದಲ್ಲಿ ಅದಕ್ಕಿಂತ ಹೆಚ್ಚು ಪಾಲು ಮೇಲ್ಹಲಗೆಗೆ ಹೋಗಲಿ.

ಹೊರದೇಶದಲ್ಲಿ ಇದಕ್ಕೆ ಸ್ಪ್ರೂಸ್ ಬಳಸುತ್ತಾರೆ. ಇಟಲಿಯ ನೇಪಲ್ಸ್‌ನಲ್ಲಿ ವಿನಾಚಿಯಾ ಮನೆತನದವರು ಬೋಗುಣಿ ಬೆನ್ನಿನ ಮ್ಯಾಂಡೊಲಿನ್ ಮಾಡುತ್ತಿದ್ದ ಕಾಲದಿಂದಲೂ ಅದೇ. ಅಮೆರಿಕದ ಆರ್ವಿಲ್ ಗಿಬ್ಸನ್ 1898ರಲ್ಲಿ ಪೇಟೆಂಟ್ ಪಡೆದದ್ದು ಮೇಲ್ಹಲಗೆಯನ್ನೂ ಬೆನ್ನನ್ನೂ ಪಿಟೀಲಿನ ಹಾಗೆ ಉಬ್ಬಾಗಿ ಕೆತ್ತುವ ವಿಧಾನಕ್ಕೆ. ಅವನ ಹೆಸರಿನ ಕಂಪನಿಯಲ್ಲಿ 1922ರ ಸುಮಾರಿಗೆ ಲಾಯ್ಡ್ ಲೋರ್ ಎನ್ನುವವನು ರೂಪಿಸಿದ ಎಫ್-5 ಮಾದರಿಯನ್ನು ಇವತ್ತಿಗೂ ಜನ ನೋಡಿ ನಕಲು ಮಾಡುತ್ತಾರೆ. ಮೇಲೆ ಸ್ಪ್ರೂಸ್, ಹಿಂದೆ ಮೇಪಲ್. ಚಳಿಯ ಬೆಟ್ಟದಲ್ಲಿ ನಿಧಾನವಾಗಿ ಬೆಳೆದ ಸ್ಪ್ರೂಸ್‌ನ ವರ್ಷದ ಗೆರೆಗಳು ಒತ್ತೊತ್ತಾಗಿ, ನೇರವಾಗಿ ಇರುತ್ತವೆ. ಘನ ಮೀಟರಿಗೆ 400-450 ಕಿಲೋ ತೂಗುವ ಅಷ್ಟು ಹಗುರ ಮರ ಉದ್ದಕ್ಕೆ ಬಗ್ಗಿಸಿದರೆ ಬಗ್ಗುವುದೇ ಇಲ್ಲ. ಅವರು ಅದನ್ನು ಆರಿಸಿದ್ದು ಅದರ ಈ ಗುಣಕ್ಕೆ, ಅದು ಅವರ ಬೆಟ್ಟದಲ್ಲೇ ಸಿಗುತ್ತಿತ್ತು ಅನ್ನುವುದಕ್ಕೆ. ಸ್ಪ್ರೂಸ್ ಎಂಬ ಹೆಸರಿಗಲ್ಲ.

ನಮ್ಮ ಸೀಮೆಯಲ್ಲೂ ವಾದ್ಯಕ್ಕೆ ಮರ ಆರಿಸುವವರು ಹಿಂದಿನಿಂದ ಇದ್ದಾರೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆಗೆ ನೀನು ಹೋಗಿರಬಹುದು. ಜುಂಜಪ್ಪನ ಕಥೆ ಹಾಡುವ ಕಾಡುಗೊಲ್ಲರು ಹಿಡಿಯುವ ಉದ್ದನೆಯ ಗಣೆ ಬಿದಿರಿನದು. ಗೆಣ್ಣಿನಿಂದ ಗೆಣ್ಣಿಗೆ ದೂರ ಇರುವ, ಒಳಗೆ ಸಮನಾದ ಬಿದಿರು ಸಿಕ್ಕದೆ ಗಣೆ ಆಗುವುದಿಲ್ಲ. ಊದುವವನ ಉಸಿರು ಎಷ್ಟೇ ದೊಡ್ಡದಿದ್ದರೂ ಬಿದಿರು ಹೊಂದದಿದ್ದರೆ ಕೂಗು ಬಾರದು. ಬಿದಿರನ್ನು ಅಮಾವಾಸ್ಯೆಯ ಆಸುಪಾಸಿನಲ್ಲಿ ಕಡಿಯಬೇಕು ಎಂದು ಹಿರಿಯರು ಹೇಳುವುದು ಹುಳ ಬೀಳದಿರಲಿ ಎಂದು. ಚಂದ್ರನ ಮಾತು ಹೇಗಾದರೂ ಇರಲಿ, ಕುಟ್ಟೆ ಹುಳ ಬರುವುದು ಬಿದಿರಿನೊಳಗಿನ ಪಿಷ್ಟ ತಿನ್ನಲು ಎನ್ನುವುದು ನಿಜ. ಯಾವಾಗ ಕಡಿದದ್ದು ಎಂದು ಕೇಳುವ ಅಭ್ಯಾಸ ಅದರಿಂದಲೇ ಬಂತು. ನೀನೂ ಯಾವುದೇ ಹಲಗೆ ಕೊಳ್ಳುವ ಮುಂಚೆ ಅದನ್ನೇ ಮೊದಲು ಕೇಳು.

ಇನ್ನು ಹಲಸಿನ ಮಾತು. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ನಮಗೆ ದೂರದ ಊರಲ್ಲ. ಅಲ್ಲಿ ಹಲವು ಮನೆಗಳಲ್ಲಿ ವೀಣೆ ಮಾಡುತ್ತಾರೆ. ಪೆನ್ನ ಓಬಳಯ್ಯನವರು ಊರಿನವರಿಗೆ ಕಲಿಸಿದ ವಿದ್ಯೆ ಅದು. ಕೊರಟಗೆರೆಯಿಂದ ಒಂದು ಬೆಳಿಗ್ಗೆ ಹೊರಟರೆ ನೋಡಿಕೊಂಡು ಸಂಜೆಗೆ ವಾಪಸು ಬರಬಹುದು. ಹೋಗಿ ಬಾ. ಹೋದಾಗ ಸಿದ್ಧವಾದ ವೀಣೆಯ ಹೊಳಪು ನೋಡುತ್ತ ನಿಲ್ಲಬೇಡ, ಅಂಗಳದಲ್ಲಿ ಬಿದ್ದಿರುವ ಹಲಸಿನ ದಿಮ್ಮಿಗಳನ್ನು ನೋಡು. ಕೊಡಕ್ಕೆ ಯಾವ ಕಡೆಯ ತುಂಡು ತೆಗೆಯುತ್ತಾರೆ, ದಂಡಿಗೆ ಯಾವುದು, ತಿರುಳು ಇರುವ ಭಾಗವನ್ನು ಹೇಗೆ ಬಿಟ್ಟು ಕೊಯ್ಯುತ್ತಾರೆ, ಕೊಡವನ್ನು ಒರಟಾಗಿ ತೋಡಿದ ಮೇಲೆ ಹಾಗೇ ಯಾಕೆ ಒಣಗಲು ಬಿಡುತ್ತಾರೆ ಎಂದು ಕೇಳು. ಅಣ್ಣಾ, ಅಯ್ಯಾ ಎಂದು ವಿನಯವಾಗಿ ಕೇಳಿದರೆ ಹೇಳಿಕೊಡುತ್ತಾರೆ. ತಂಜಾವೂರಿನ ವೀಣೆಗೂ ಹಲಸೇ, ಮೃದಂಗದ ಕಟ್ಟೆಗೂ ಹೆಚ್ಚಾಗಿ ಹಲಸೇ. ದಕ್ಷಿಣದ ಸಂಗೀತವೆಲ್ಲ ಒಂದು ಹಣ್ಣಿನ ಮರದ ಚೇಗಿನಲ್ಲಿ ನಿಂತಿದೆ ಎಂದರೆ ತಪ್ಪಾಗದು. ಉಳಿಗೆ ಒಗ್ಗುತ್ತದೆ, ಗೆದ್ದಲು ಸುಲಭಕ್ಕೆ ಮುಟ್ಟದು, ಒಮ್ಮೆ ಒಣಗಿತೆಂದರೆ ಜಾಗ ಬಿಟ್ಟು ಕದಲದು. ತೂಕವೂ ತೀರಾ ಹೆಚ್ಚಲ್ಲ.

ನಿನ್ನ ಮ್ಯಾಂಡೊಲಿನ್‌ನ ಬೆನ್ನಿಗೂ ಪಕ್ಕೆಗೂ ಹಲಸನ್ನೇ ಹಾಕು ಎನ್ನುತ್ತೇನೆ. ಅದರಲ್ಲೂ ಪಕ್ಕೆಯನ್ನು ಬೇರೆ ಬಗ್ಗಿಸಿ ಅಂಟಿಸುವ ರಗಳೆ ಬೇಡ. ವೀಣೆಯ ಕೊಡದ ಹಾಗೆ ಒಂದೇ ತುಂಡಿನಲ್ಲಿ ಬೆನ್ನೂ ಪಕ್ಕೆಯೂ ಬರುವಂತೆ ತೋಡಿಬಿಡು. ಪಕ್ಕೆಯ ದಪ್ಪ ನಾಲ್ಕು ಮಿಲಿಮೀಟರಿಗೆ ತಂದರೆ ಸಾಕು. ನಮ್ಮ ಕಡೆಯ ಕೈಗೆ ಒಗ್ಗಿದ ಕ್ರಮ ಇದು. ಬಿಸಿ ಕಬ್ಬಿಣಕ್ಕೆ ಒತ್ತಿ ಹಲಗೆ ಬಗ್ಗಿಸುವುದನ್ನು ಎರಡನೆಯ ವಾದ್ಯಕ್ಕೆ ಇಟ್ಟುಕೋ. ಹಲಸು ಕೊಳ್ಳುವಾಗ ಬಣ್ಣ ನೋಡು: ಹೊಸದಾಗಿ ಕೊಯ್ದ ಚೇಗು ಅರಿಶಿನದ ಬಣ್ಣ, ವರ್ಷ ಕಳೆದಂತೆ ಕಂದುಗೆಂಪಿಗೆ ತಿರುಗುತ್ತದೆ. ಹೊರಗಿನ ಬಿಳಿಯ ಪದರ ಹುಳದ ಪಾಲು, ಅದನ್ನು ಪೂರ್ತಿ ತೆಗೆ. ಆದರೆ ಒಂದು ಮಾತು. ಹಣ್ಣು ಬಿಡುತ್ತಿರುವ ಮರವನ್ನು ನಿನ್ನ ವಾದ್ಯಕ್ಕಾಗಿ ಯಾರಿಂದಲೂ ಕಡಿಸಬೇಡ. ನಮ್ಮ ಜಿಲ್ಲೆಯ ಹಲಸು ಸಣ್ಣ ಆಸ್ತಿಯಲ್ಲ. ಗುಬ್ಬಿ ತಾಲ್ಲೂಕಿನ ಚೇಳೂರಿನ ಕಡೆಯ ಒಂದು ಮರದ ಹಣ್ಣನ್ನೇ ಸಿದ್ದು ಹಲಸು ಎಂದು ವಿಜ್ಞಾನಿಗಳು ಗುರುತಿಸಿ ಕಸಿ ಮಾಡಿ ಹಂಚಿದ್ದಾರೆ. ಗಾಳಿಗೆ ಬಿದ್ದದ್ದು, ರಸ್ತೆ ಅಗಲ ಮಾಡುವಾಗ ಹೋದದ್ದು, ಮುಪ್ಪಾಗಿ ಒಣಗಿದ್ದು ಬೇಕಾದಷ್ಟು ಸಿಗುತ್ತದೆ. ಒಂದು ಮ್ಯಾಂಡೊಲಿನ್‌ಗೆ ಬೇಕಾಗುವುದು ಮೊಳದುದ್ದದ ಒಂದು ತುಂಡು.

ಅದಕ್ಕಿಂತ ಒಳ್ಳೆಯ ಜಾಗ ಹೇಳಲಾ? ಕೆಡವುತ್ತಿರುವ ಹಳೆಯ ಮನೆಗಳು. ಮಧುಗಿರಿ ಕೋಟೆಯ ಕೆಳಗಿನ ಹಳೆಯ ಬೀದಿಗಳಲ್ಲಿ, ಶಿರಾದಲ್ಲಿ, ಪಾವಗಡದ ಹಳ್ಳಿಗಳಲ್ಲಿ ತೊಟ್ಟಿ ಮನೆಗಳು ಒಂದೊಂದಾಗಿ ಹೋಗುತ್ತಿವೆ. ಆರ್‌ಸಿಸಿ ಮನೆ ಕಟ್ಟುವವರು ಹಳೆಯ ತೊಲೆ, ಕಂಬ, ಜಂತೆ, ಬಾಗಿಲುವಾಡಗಳನ್ನು ಬಂದ ಬೆಲೆಗೆ ಕೊಟ್ಟುಬಿಡುತ್ತಾರೆ. ಒಳ್ಳೆಯ ಬಾಗಿಲುಗಳನ್ನು ಬೆಂಗಳೂರಿನವರು ಎತ್ತಿಕೊಂಡು ಹೋಗುತ್ತಾರೆ. ಕೆತ್ತನೆಯಿಲ್ಲದ ತೊಲೆ, ಜಂತೆಗಳು ಇಟ್ಟಿಗೆ ಗೂಡಿಗೂ ಹೋಟೆಲ್ ಒಲೆಗೂ ಹೋಗುತ್ತವೆ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಎಂಬತ್ತು ನೂರು ವರ್ಷ ಸೂರಿನ ಕೆಳಗೆ, ಒಲೆಯ ಹೊಗೆ ಕುಡಿದು, ನೆನೆಯದೆ ನಿಂತಿದ್ದ ಹೊನ್ನೆ, ತೇಗ, ಹಲಸು ಅದು. ಅಷ್ಟು ಒಣಗಿದ ಮರವನ್ನು ಈಗ ಎಷ್ಟು ಹಣ ಕೊಟ್ಟರೂ ಯಾವ ಡಿಪೋದವನೂ ಕೊಡಲಾರ. ಅದು ಕುಗ್ಗುವಷ್ಟು ಕುಗ್ಗಿ, ತಿರುಚುವಷ್ಟು ತಿರುಚಿ ಮುಗಿದಿದೆ. ಮನೆ ಕೆಡವುವ ಸುದ್ದಿ ಕಿವಿಗೆ ಬಿದ್ದ ಕೂಡಲೇ ಸೈಕಲ್ ಹತ್ತು. ಮನೆಯವರನ್ನು ಕೇಳಿ, ಬೆಲೆ ಕೊಟ್ಟು, ಅಡುಗೆಮನೆಯ ಮೇಲಿನ ಜಂತೆಗಳನ್ನು ಮೊದಲು ನೋಡು. ಸಾಮಿಲ್ಲಿಗೆ ಒಯ್ಯುವ ಮುಂಚೆ ಒಂದೊಂದು ಮೊಳೆಯನ್ನೂ ಹುಡುಕಿ ಕಿತ್ತುಹಾಕು. ಅಯಸ್ಕಾಂತ ಆಡಿಸಿದರೆ ಒಳಗೆ ಮುರಿದುಳಿದದ್ದೂ ಗೊತ್ತಾಗುತ್ತದೆ. ಗರಗಸದ ಬ್ಲೇಡಿಗೆ ಮೊಳೆ ಸಿಕ್ಕರೆ ಸಾಮಿಲ್ಲಿನವರು ಆಮೇಲೆ ನಿನ್ನ ಮರ ಮುಟ್ಟುವುದಿಲ್ಲ. ಅವರ ಕೈಗೂ ಅಪಾಯ.

ತೇಗಕ್ಕೆ ಒಂದು ಎಚ್ಚರ ಇದೆ. ಅದರೊಳಗೆ ಎಣ್ಣೆ ಇರುತ್ತದೆ, ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅಂಟಿಸುವ ಮುಖವನ್ನು ಆಗಷ್ಟೇ ಉಜ್ಜುಗೊರಡಿನಿಂದ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಅದು ಆರಿದ ಕೂಡಲೇ ಅಂಟಿಸು. ಮಾರನೆಯ ದಿನಕ್ಕೆ ಬಿಡಬೇಡ.

ಈಗ ಮೇಲ್ಹಲಗೆ. ಸ್ಪ್ರೂಸ್ ನಮ್ಮಲ್ಲಿ ಬೆಳೆಯುವುದಿಲ್ಲ. ಆದರೆ ನಮ್ಮ ಪಕ್ಕಕ್ಕೇ ಬರುತ್ತದೆ. ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶಕ್ಕೆ ಹೊರದೇಶದ ಯಂತ್ರಗಳು ಬರುವುದು ಪೈನ್, ಸ್ಪ್ರೂಸ್ ಹಲಗೆಯ ಪೆಟ್ಟಿಗೆಗಳಲ್ಲಿ, ಪ್ಯಾಲೆಟ್‌ಗಳ ಮೇಲೆ. ಕೆಲಸ ಮುಗಿದ ಮೇಲೆ ಅವು ಗುಜರಿಗೆ ಬರುತ್ತವೆ. ಹೆಚ್ಚಿನವು ಗಂಟಿನ ಹಲಗೆಗಳು, ವಾದ್ಯಕ್ಕೆ ಆಗದು. ಆದರೂ ತಾಳ್ಮೆಯಿಂದ ರಾಶಿ ತಿರುವಿದರೆ ಗಂಟಿಲ್ಲದ, ಗೆರೆ ಒತ್ತೊತ್ತಾಗಿರುವ ಹಲಗೆ ಒಂದೋ ಎರಡೋ ಕೈಗೆ ಸಿಗುತ್ತವೆ. ಹಲಗೆಯ ಮೇಲಿನ ಮುದ್ರೆ ನೋಡಿಕೋ. ಎಚ್‌ಟಿ ಎಂದಿದ್ದರೆ ಬಿಸಿ ಮಾಡಿ ಹುಳ ಕೊಂದದ್ದು, ಅದನ್ನು ತರಬಹುದು. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಕೊಟ್ಟದ್ದು, ಅದನ್ನು ಮನೆಗೆ ತರಬೇಡ. ಎಣ್ಣೆ, ರಾಸಾಯನಿಕ ಚೆಲ್ಲಿದ ಕಲೆ ಇದ್ದರೂ ಬೇಡ. ಮೊದಲ ವಾದ್ಯಕ್ಕೆ ಈ ಗುಜರಿ ಹಲಗೆಯೇ ಸಾಕು. ಕೈ ಕುದುರಿದ ಮೇಲೆ ದುಡ್ಡು ಕೂಡಿಸಿ, ವಾದ್ಯಕ್ಕೆಂದೇ ಕೊಯ್ದ ಸ್ಪ್ರೂಸ್ ಜೋಡಿ ಹಲಗೆ ತರಿಸಿಕೋ. ಒಂದೇ ಹಲಗೆಯನ್ನು ನಡುವೆ ಸೀಳಿ ಪುಸ್ತಕ ತೆರೆದಂತೆ ಜೋಡಿಸಲು ಬರುವ ಜೋಡಿ ಅದು. ಮೊದಲ ಯತ್ನದಲ್ಲೇ ಅಷ್ಟು ಬೆಲೆಯ ಮರಕ್ಕೆ ಉಳಿ ಹಾಕಿದರೆ ಕೈ ನಡುಗುತ್ತದೆ, ಧೈರ್ಯವಾಗಿ ತೆಳ್ಳಗೆ ಮಾಡಲಾರೆ. ದಪ್ಪ ಉಳಿದರೆ ನಾದ ಒಳಗೇ ಉಳಿಯುತ್ತದೆ.

ಹೊರದೇಶದ್ದೇ ಬೇಡ ಅನ್ನುವುದಾದರೆ ತೂನ್ ಮರ ಹುಡುಕು. ಮಲೆನಾಡಿನಲ್ಲಿ ಗಂಧಗರಿಗೆ ಅನ್ನುತ್ತಾರೆ. ಸಿತಾರ್ ಮಾಡುವವರು ತಲೆಮಾರುಗಳಿಂದ ತೂನ್ ಇಲ್ಲವೇ ತೇಗವನ್ನು ಬಳಸುತ್ತ ಬಂದಿದ್ದಾರೆ, ಮೇಲಿನ ತಬಲಿ ಹಲಗೆಗೂ ಅದೇ. ತೂನ್ ಹಗುರ, ಕೆಂಪು, ಕೊಯ್ದರೆ ನವಿರಾದ ಪರಿಮಳ. ಸ್ಪ್ರೂಸ್‌ನಷ್ಟು ಬಿಗಿಯಲ್ಲ, ಆದ್ದರಿಂದ ಒಂದು ಕೂದಲು ದಪ್ಪ ಬಿಡಬೇಕು, ಹಲಗೆಯ ಒಳಮೈಗೆ ಬಲಕ್ಕೆಂದು ಅಂಟಿಸುವ ಒಳಪಟ್ಟಿಯನ್ನು ಸ್ವಲ್ಪ ಎತ್ತರ ಮಾಡಬೇಕು. ನಾದ ಮೆತ್ತಗೆ, ಬೆಚ್ಚಗೆ ಬರುತ್ತದೆ. ನೀನು ಭಾವಗೀತೆ, ಹಳೆಯ ಸಿನಿಮಾ ಹಾಡು ನುಡಿಸುವವನು. ನಿನಗೆ ಅದೇ ಹಿಡಿಸಲೂಬಹುದು.

ಹಲಗೆ ಕೈಗೆ ಬಂದ ಮೇಲೆ ಏನು ನೋಡಬೇಕು ಅನ್ನುವುದನ್ನು ನಿಧಾನವಾಗಿ ಓದಿಕೋ, ಈ ಪತ್ರದ ಮುಖ್ಯ ಮಾತು ಇದೇ. ಮೊದಲು ತುದಿಯ ಮುಖ. ಅಲ್ಲಿ ವರ್ಷದ ಗೆರೆಗಳು ಕಾಣುತ್ತವೆ. ಅವು ಹಲಗೆಯ ಅಗಲಕ್ಕೆ ಲಂಬವಾಗಿ, ಸೈನಿಕರ ಸಾಲಿನಂತೆ ನೆಟ್ಟಗೆ ನಿಂತಿರಬೇಕು. ಹೀಗೆ ಬರುವುದು ದಿಮ್ಮಿಯನ್ನು ತಿರುಳಿನಿಂದ ತೊಗಟೆಯ ಕಡೆಗೆ ಕೊಯ್ದಾಗ. ನಮ್ಮ ಸಾಮಿಲ್ಲುಗಳಲ್ಲಿ ಮರ ಪೋಲಾಗದಿರಲೆಂದು ದಿಮ್ಮಿಯನ್ನು ಅಡ್ಡ ಮಲಗಿಸಿ ಒಂದರ ಮೇಲೊಂದು ಹಲಗೆ ತೆಗೆಯುತ್ತಾರೆ. ಆಗ ನಡುವಿನ ಒಂದೆರಡು ಹಲಗೆಗೆ ಮಾತ್ರ ನೆಟ್ಟಗಿನ ಗೆರೆ ಸಿಗುತ್ತದೆ, ಉಳಿದವುಗಳಲ್ಲಿ ಕಮಾನಿನಂತೆ ಮಲಗಿರುತ್ತದೆ. ಮರ ಒಣಗುವಾಗ ಗೆರೆಯ ಜೊತೆಗೆ ಸುತ್ತುವ ದಿಕ್ಕಿನಲ್ಲಿ ಕುಗ್ಗುವುದು, ತಿರುಳಿಂದ ತೊಗಟೆಯ ದಿಕ್ಕಿನಲ್ಲಿ ಕುಗ್ಗುವುದಕ್ಕಿಂತ ಹೆಚ್ಚೂಕಡಿಮೆ ಎರಡರಷ್ಟು. ಗೆರೆ ನೆಟ್ಟಗಿರುವ ಹಲಗೆ ಅಗಲದಲ್ಲಿ ಕಡಿಮೆ ಕುಗ್ಗುತ್ತದೆ, ಬಟ್ಟಲಾಗಿ ಬಾಗುವುದೂ ಇಲ್ಲ. ಸಾಮಿಲ್ಲಿನಲ್ಲಿ ನಿಂತು ದಿಮ್ಮಿಯನ್ನು ನಾಲ್ಕು ಸೀಳಾಗಿ ಮಾಡಿಸಿ ಆಮೇಲೆ ಹಲಗೆ ತೆಗೆಸು. ಕೊಂಚ ಮರ ಹೋಗಲಿ.

ಎರಡನೆಯದು ಎಳೆ. ಕಣ್ಣಿಗೆ ನೇರ ಕಂಡ ಹಲಗೆಯೊಳಗೂ ಎಳೆ ಓರೆಯಾಗಿ ಹೊರಬಿದ್ದಿರಬಹುದು. ಅದಕ್ಕೆ ಒಂದೇ ಪರೀಕ್ಷೆ: ಕೊಡಲಿಯಿಂದ ತುದಿಯ ಒಂದು ತುಂಡನ್ನು ಸೀಳು. ಗರಗಸ ಎಳೆಯನ್ನು ಕೇಳುವುದಿಲ್ಲ, ತಾನು ಹೋದದ್ದೇ ದಾರಿ. ಕೊಡಲಿಯ ಸೀಳು ಎಳೆಯ ಹಿಂದೆಯೇ ಹೋಗುತ್ತದೆ. ಸೀಳು ತಿರುಚಿದರೆ ಆ ಮರ ಬೆಳೆಯುವಾಗಲೇ ತಿರುಚಿಕೊಂಡಿದೆ. ಮೇಲ್ಹಲಗೆಗೂ ದಂಡಿಗೂ ಅದು ಬೇಡ, ಮನೆಗೆ ಮಣೆ ಮಾಡು. ಬೇವಿನಲ್ಲಿ ಎಳೆ ಒಂದಕ್ಕೊಂದು ಹೆಣೆದುಕೊಂಡು ಇಂಥ ಕಾಟ ಹೆಚ್ಚು ಕೊಡುತ್ತದೆ.

ಮೂರನೆಯದು ತಕ್ಕಡಿ. 40 ಸೆಂಟಿಮೀಟರ್ ಉದ್ದ, 15 ಅಗಲ, 2 ದಪ್ಪದ ತುಂಡು ಮಾಡಿಕೋ. ಒಟ್ಟು 1,200 ಘನ ಸೆಂಟಿಮೀಟರ್ ಆಯಿತು. ಒಳ್ಳೆಯ ಸ್ಪ್ರೂಸ್ ಆದರೆ ಅರ್ಧ ಕಿಲೋ ಆಸುಪಾಸು ತೂಗುತ್ತದೆ. 700 ಗ್ರಾಂ ದಾಟಿದರೆ ಅದು ಮೇಲ್ಹಲಗೆಗೆ ಭಾರವಾಯಿತು. ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಆಮೇಲೆ ಎರಡು ತುದಿ ಹಿಡಿದು ಉದ್ದಕ್ಕೂ ಅಡ್ಡಕ್ಕೂ ಸ್ವಲ್ಪ ಒತ್ತಿ ನೋಡು. ಹಗುರವೂ ಇದ್ದು ಕೈಗೆ ಬಗ್ಗದೆ ನಿಂತದ್ದು ಬೇಕಾದದ್ದು.

ಕೊನೆಗೆ ಕಿವಿ. ಉದ್ದದ ಐದರಲ್ಲೊಂದು ಭಾಗ ಬಿಟ್ಟು, ಅಲ್ಲಿ ಅಂಚನ್ನು ಎರಡೇ ಬೆರಳಲ್ಲಿ ಹಗುರವಾಗಿ ಹಿಡಿದು ನೇತುಬಿಡು. ಇನ್ನೊಂದು ಕೈಯ ಬೆರಳ ಗೆಣ್ಣಿನಿಂದ ಹಲಗೆಯ ನಡುವೆ ತಟ್ಟು. ಬೇರೆಲ್ಲಿ ಹಿಡಿದರೂ ನಿನ್ನ ಬೆರಳೇ ನಾದವನ್ನು ನುಂಗುತ್ತದೆ. ಆ ಜಾಗ ಮಾತ್ರ ಹಲಗೆ ನಡುಗುವಾಗಲೂ ಅಲುಗದೆ ನಿಲ್ಲುವ ಜಾಗ. ಒಳ್ಳೆಯ ಹಲಗೆ ಸ್ವರವಾಗಿ ಉಲಿದು ಸ್ವಲ್ಪ ಹೊತ್ತು ಉಳಿಯುತ್ತದೆ. ಕೆಟ್ಟದ್ದು ದೊಪ್ ಎಂದು ಅಲ್ಲೇ ಸತ್ತುಹೋಗುತ್ತದೆ. ಹಸಿ ಇದ್ದರೂ, ಒಳಗೆ ಬಿರುಕಿದ್ದರೂ, ಹುಳ ತಿಂದಿದ್ದರೂ ಹಾಗೆಯೇ ಸಾಯುತ್ತದೆ. ಒಂದು ಹಲಗೆಯನ್ನು ಒಂಟಿಯಾಗಿ ತಟ್ಟಿದರೆ ಏನೂ ತಿಳಿಯದು. ಒಂದೇ ಅಳತೆಯ ಐದಾರು ತುಂಡು ಮಾಡಿ ಒಂದಾದ ಮೇಲೊಂದು ತಟ್ಟಬೇಕು. ಪಾವಗಡದಲ್ಲಿ ಹರಿಕಥೆಗೆ ತಂಬೂರಿ ಹಿಡಿಯುವವರು ಯಾರಾದರೂ ಸಿಕ್ಕರೆ ಅವರನ್ನೂ ಕೂರಿಸಿಕೊಂಡು ತಟ್ಟು. ಶ್ರುತಿಯ ಜೊತೆ ಬದುಕಿದ ಕಿವಿಗೆ ವ್ಯತ್ಯಾಸ ಬೇಗ ಸಿಗುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಮರ ಒಣಗಿಲ್ಲದಿದ್ದರೆ ಎಲ್ಲ ವ್ಯರ್ಥ. ನಮ್ಮದು ಬರಡು ಸೀಮೆ. ಏಪ್ರಿಲ್ ಮಧ್ಯಾಹ್ನ ಪಾವಗಡದ ಗಾಳಿಯಲ್ಲಿ ತೇವ ಶೇ 30ಕ್ಕಿಂತ ಕೆಳಗೆ ಇಳಿಯುತ್ತದೆ, ಮಳೆಗಾಲದಲ್ಲಿ ಶೇ 80ಕ್ಕೆ ಏರುತ್ತದೆ. ಮರ ಆ ತೇವವನ್ನು ಕುಡಿದು ಉಬ್ಬುತ್ತದೆ, ಬಿಟ್ಟು ಕುಗ್ಗುತ್ತದೆ. ಕರಾವಳಿಯಲ್ಲಿ ಮಾಡಿದ ವಾದ್ಯ ಇಲ್ಲಿಗೆ ಬಂದು ಬಿರಿಯುವುದು ಇದರಿಂದಲೇ. ಹಸಿ ಹಲಗೆ ತಂದರೆ ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬ ಲೆಕ್ಕ ಇಟ್ಟುಕೋ. ತಂದ ದಿನವೇ ಎರಡೂ ತುದಿಗೆ ಬಣ್ಣವನ್ನೋ ಕರಗಿಸಿದ ಮೇಣವನ್ನೋ ಬಳಿ, ಇಲ್ಲದಿದ್ದರೆ ತುದಿ ಬೇಗ ಒಣಗಿ ಸೀಳುತ್ತದೆ. ಬಿಸಿಲು ಬೀಳದ, ಗಾಳಿ ಆಡುವ ಜಾಗದಲ್ಲಿ ಹಲಗೆಗಳ ನಡುವೆ ರಿಪೀಸು ಇಟ್ಟು ಪೇರಿಸಿ, ಮೇಲೆ ಚಪ್ಪಡಿ ಕಲ್ಲು ಹೇರು. ಪ್ರತಿ ಹಲಗೆಯ ಮೇಲೂ ತಂದ ತಾರೀಖು, ಊರು, ತೂಕ ಬರೆ. ತಿಂಗಳಿಗೊಮ್ಮೆ ತೂಗಿ ಕೆಳಗೆ ಬರೆಯುತ್ತ ಹೋಗು. ತೂಕ ಇಳಿಯುವುದು ನಿಂತಾಗ ಮರ ಸಿದ್ಧ. ಬೇಗ ಆಗಲೆಂದು ಬಿಸಿಲಿಗೋ ಒಲೆಯ ಬದಿಗೋ ಇಟ್ಟರೆ ಮೇಲೆ ಒಣಗಿ ಒಳಗೆ ಹಸಿ ಉಳಿದು ಚೂರುಚೂರಾಗಿ ಬಿರಿಯುತ್ತದೆ.

ಅಂಟಿಸುವ ಕಾಲವನ್ನೂ ನೋಡಿಕೋ. ಶ್ರಾವಣದ ಜಡಿಮಳೆಯಲ್ಲಿ ಮೇಲ್ಹಲಗೆ ಅಂಟಿಸಬೇಡ. ಆಗ ಮರ ಉಬ್ಬಿರುತ್ತದೆ, ಸುತ್ತಲೂ ಅಂಟಿನಲ್ಲಿ ಬಂಧಿಯಾದ ಹಲಗೆ ಬೇಸಿಗೆಯಲ್ಲಿ ಕುಗ್ಗಲು ಜಾಗವಿಲ್ಲದೆ ನಡುವೆ ಸೀಳುತ್ತದೆ. ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ಒಣ ದಿನಗಳು ನಮ್ಮ ಕಡೆ ಇದಕ್ಕೆ ಹೇಳಿ ಮಾಡಿಸಿದ ಕಾಲ. ಆಗ ಅಂಟಿಸಿದ ಹಲಗೆ ಮಳೆಗಾಲದಲ್ಲಿ ಸ್ವಲ್ಪ ಉಬ್ಬಬಹುದು, ಉಬ್ಬಿದ್ದು ಇಳಿಯುತ್ತದೆ. ಬಿರಿದದ್ದು ಕೂಡುವುದಿಲ್ಲ. ಮೇಲ್ಹಲಗೆಗೆ ಸರೇಸಿನ ಅಂಟೇ ಆಗಲಿ. ಮುಂದೆ ಯಾವತ್ತಾದರೂ ರಿಪೇರಿಗೆ ಬಿಚ್ಚಬೇಕಾದರೆ ಬಿಸಿ ಚಾಕು ತೋರಿಸಿದರೆ ಬಿಟ್ಟುಕೊಡುತ್ತದೆ.

ದಂಡಿಗೆ ಹಳೆಯ ಹೊನ್ನೆಯೋ ತೇಗವೋ ಸಿಕ್ಕರೆ ಸರಿ. ಈಗ ತೋಟಗಳಲ್ಲಿ ಮಹಾಗನಿ ಹಾಕುತ್ತಿದ್ದಾರಲ್ಲ, ಅದು ಒಳ್ಳೆಯ ಮರವೇ. ಆದರೆ ನೀರು ಕೊಟ್ಟು ಹತ್ತು ವರ್ಷದಲ್ಲಿ ಬೆಳೆಸಿದ ಎಳೆ ಮರದ ದಂಡಿ ತಂತಿಯ ಎಳೆತಕ್ಕೆ ನೆಚ್ಚಿಕೆಯಾಗದು. ಒಂದೇ ತುಂಡನ್ನು ನಂಬುವ ಬದಲು ಮೂರು ಪಟ್ಟಿ ಮಾಡಿ, ನಡುವಿನದನ್ನು ತಲೆಕೆಳಗಾಗಿ ತಿರುಗಿಸಿ ಅಂಟಿಸು. ಒಂದು ಬಾಗಲು ನೋಡಿದರೆ ಇನ್ನೊಂದು ತಡೆಯುತ್ತದೆ. ಒಳಗೆ ಉಕ್ಕಿನ ಟ್ರಸ್ ರಾಡ್ ಇಡುವುದನ್ನು ಮರೆಯಬೇಡ. ಅಡಿಕೆ ತೋಟದ ಬದುವಿನ ಸಿಲ್ವರ್ ಓಕ್ ಅನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಾಲ್ಕು ಸೀಳಾಗಿ ಕೊಯ್ಸಿ ನೋಡು, ಹಲಗೆಯ ಮೇಲೆ ಜರಿಯ ಹಾಗೆ ಹೊಳೆಯುವ ಚುಕ್ಕಿಗಳು ಬರುತ್ತವೆ. ಹಲಸು ಸಿಗದಿದ್ದರೆ ಬೆನ್ನಿಗೆ ಅದು ಆಗುತ್ತದೆ. ಹೆಬ್ಬೇವು ಎಲ್ಲರ ಹೊಲದಲ್ಲೂ ಇದೆ. ಪ್ಲೈವುಡ್‌ಗೆ ಬೆಳೆದ ಮರ ಅದು. ಅಚ್ಚು ಮಾಡಲು, ಅಳತೆ ಕಲಿಯಲು, ಉಳಿ ಹಿಡಿತ ಬರಲು ಅದರಲ್ಲೇ ಒಂದು ಪೂರ್ತಿ ಮ್ಯಾಂಡೊಲಿನ್ ಕೆತ್ತಿ ನೋಡು.

ಫ್ರೆಟ್ ಪಟ್ಟಿಗೂ ಕುದುರೆಗೂ ಗಟ್ಟಿ ಮರ ಬೇಕು. ಎಲ್ಲರೂ ಬೀಟೆ ಅನ್ನುತ್ತಾರೆ. ಬೀಟೆ ಶ್ರೇಷ್ಠವೇ, ಆದರೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ, ಪಾಸು ಇಲ್ಲದೆ ಸಾಗಿಸುವಂತಿಲ್ಲ. 2017ರಿಂದ ಬೀಟೆಯ ಜಾತಿಯ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೂ ಬಂದವು. ಸಿದ್ಧ ವಾದ್ಯಗಳಿಗೆ 2019ರಲ್ಲಿ ರಿಯಾಯಿತಿ ಸಿಕ್ಕಿತು, ಮರಕ್ಕಲ್ಲ. ರಸೀದಿಯಿಲ್ಲದ ಬೀಟೆ ಎಷ್ಟೇ ಅಗ್ಗಕ್ಕೆ ಬಂದರೂ ಮುಟ್ಟಬೇಡ. ಹಳೆಯ ಮಂಚದ ಕಾಲು, ಮುರಿದ ಕುರ್ಚಿಯ ಕೈ ಸಾಕು, ನಿನಗೆ ಬೇಕಿರುವುದು ಗೇಣುದ್ದದ ಪಟ್ಟಿ. ನನಗೆ ಕೇಳಿದರೆ ಕಮರ ಹಾಕು ಎನ್ನುತ್ತೇನೆ. ಕಮರ ನಮ್ಮ ನೆಲದ ಮರ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು ಕಮರದ ಕಾಡು. 2019ರಲ್ಲಿ ಅದನ್ನು ಚಿಂಕಾರ ವನ್ಯಧಾಮವೆಂದು ಘೋಷಿಸಿದರು. ಅಲ್ಲಿಂದ ಒಂದು ಕಡ್ಡಿಯನ್ನೂ ತರುವಂತಿಲ್ಲ, ತರಲೂಬಾರದು. ಆದರೆ ಹಳ್ಳಿಗಳಲ್ಲಿ ಹಿಂದೆ ಕಮರದ ಕಂಬ ನೆಟ್ಟ ಮನೆ, ಕೊಟ್ಟಿಗೆಗಳಿದ್ದವು, ಮುರಿದ ತುಂಡುಗಳು ಹಿತ್ತಿಲಲ್ಲಿ ಬಿದ್ದಿರುತ್ತವೆ. ಗುರುತು ಸುಲಭ: ಕಪ್ಪುಗೆಂಪು ಚೇಗು, ನೀರಿಗೆ ಹಾಕಿದರೆ ಮುಳುಗುತ್ತದೆ. ಉಳಿಯನ್ನು ಮತ್ತೆ ಮತ್ತೆ ಮಸೆಯಬೇಕಾಗುತ್ತದೆ. ಫ್ರೆಟ್ ಕೂರಿಸಲು ಗರಗಸದ ಸೀಳನ್ನು ಅಳೆದೇ ಮಾಡು, ಈ ಮರ ಒತ್ತಿಗೆ ಸ್ವಲ್ಪವೂ ಬಿಟ್ಟುಕೊಡದು. ಒಮ್ಮೆ ಕೂತಿತೆಂದರೆ ನಿನ್ನ ಮಕ್ಕಳ ಕಾಲಕ್ಕೂ ಸವೆಯುವುದಿಲ್ಲ. ಹುಣಸೆಯ ಚೇಗೂ ನಡೆಯುತ್ತದೆ, ಅದು ಒಣಗುವಾಗ ಬಿರುಕು ಬಿಡುವುದು ಜಾಸ್ತಿ.

ನೀನು ಇನ್ನೊಂದು ಕೇಳಿದ್ದೆ, ಮ್ಯಾಂಡೊಲಿನ್ ಶ್ರೀನಿವಾಸ್ ಅವರ ವಾದ್ಯದಂಥದ್ದು ಮಾಡಬಹುದಾ ಎಂದು. 1969ರಲ್ಲಿ ಆಂಧ್ರದ ಪಾಲಕೊಲ್ಲಿನಲ್ಲಿ ಹುಟ್ಟಿ, 2014ರಲ್ಲಿ ಇನ್ನೂ 45 ವರ್ಷಕ್ಕೇ ಹೋಗಿಬಿಟ್ಟ ಆ ಮಹಾನುಭಾವರು ನುಡಿಸುತ್ತಿದ್ದದ್ದು ವಿದ್ಯುತ್ ಮ್ಯಾಂಡೊಲಿನ್, ಐದು ಒಂಟಿ ತಂತಿಯದು. ಟೊಳ್ಳು ಹೊಟ್ಟೆಯ ವಾದ್ಯದಲ್ಲಿ ಜೋಡಿ ತಂತಿ ಎಳೆದು ಕರ್ನಾಟಕ ಸಂಗೀತದ ಗಮಕ ತೆಗೆಯುವುದು ಕಷ್ಟ. ನಾದವೂ ಬೇಗ ಆರುತ್ತದೆ. ಒಂಟಿ ತಂತಿ, ಗಟ್ಟಿ ಒಡಲು, ಪಿಕಪ್ ಬಂದ ಮೇಲೆ ನಾದ ಉದ್ದವಾಯಿತು, ಗಮಕಕ್ಕೆ ಜಾಗವಾಯಿತು. ಅಂಥದ್ದಕ್ಕೆ ಮರ ಆರಿಸುವ ಲೆಕ್ಕವೇ ಬೇರೆ. ಅಲ್ಲಿ ಮೇಲ್ಹಲಗೆಯ ಪರೀಕ್ಷೆ ಇಲ್ಲ. ಚೆನ್ನಾಗಿ ಒಣಗಿದ, ಅಲುಗದ ಒಂದು ಹಲಸಿನ ಗಟ್ಟಿ ಹಲಗೆ ಇದ್ದರೆ ಆಯಿತು. ನಿಜ ಹೇಳಬೇಕೆಂದರೆ ಮೊದಲ ಸಲ ಮಾಡುವವನಿಗೆ ಅದೇ ಸುಲಭ. ರಾಗ ನುಡಿಸುವ ಆಸೆ ಇದ್ದರೆ ಅದರಿಂದಲೇ ಶುರು ಮಾಡು. ಮರದ ನಾದವನ್ನೇ ಕೇಳಬೇಕು ಅನ್ನುವ ಆಸೆ ಇದ್ದರೆ ಮಾತ್ರ ಟೊಳ್ಳು ಹೊಟ್ಟೆಯದಕ್ಕೆ ಕೈ ಹಾಕು. ಯಾವುದು ಎಂದು ಮರ ಕೊಳ್ಳುವ ಮುಂಚೆ ನಿರ್ಧಾರ ಮಾಡಿಕೋ.

ಈ ತಿಂಗಳು ಸಿಂಪಾಡಿಪುರಕ್ಕೆ ಹೋಗಿ ಬಾ. ಟೊಳ್ಳು ಹೊಟ್ಟೆಯದನ್ನೇ ಆರಿಸಿದರೆ ಮುಂದಿನ ತಿಂಗಳೊಳಗೆ ಹಲಸಿನ ತುಂಡನ್ನೂ ಮೇಲ್ಹಲಗೆಯ ಮರವನ್ನೂ ತಂದು ತೂಕ ಬರೆದಿಡು. ಅದು ಒಣಗುವಷ್ಟು ಕಾಲ ಹೆಬ್ಬೇವಿನಲ್ಲಿ ಕೈ ಪಳಗಿಸು. ಕೊಡ ತೋಡಿ, ಮೇಲ್ಹಲಗೆ ತೆಳ್ಳಗೆ ಮಾಡಿದ ಮೇಲೆ ಅಂಟಿಸುವ ಮುಂಚೆ ನನ್ನ ಹತ್ತಿರ ತಾ. ಒಳಪಟ್ಟಿಯನ್ನು ಎಷ್ಟು ಕೆತ್ತಿ ಎಲ್ಲಿ ನಿಲ್ಲಿಸಬೇಕು ಅನ್ನುವುದು ಬರೆದು ತಿಳಿಸುವಂಥದ್ದಲ್ಲ. ಹಲಗೆಯನ್ನು ಕೈಯಲ್ಲಿ ಹಿಡಿದು, ತಟ್ಟುತ್ತ, ಸ್ವಲ್ಪ ಸ್ವಲ್ಪವೇ ತೆಗೆಯುತ್ತ ತೋರಿಸಬೇಕು. ಬರುವಾಗ ನಿನ್ನ ಉಳಿಗಳನ್ನು ಮಸೆದುಕೊಂಡೇ ಬಾ.